ಬಿರುಗಾಳಿಯ ತಲೆದಿಂಬು

ನಮ್ಮ ಮೂಡಗಟ್ಟಿಯ ಬಿರುಗಾಳಿ ಒಮ್ಮೆ ಹಿರೇಕೆರೂರಿನ ಅಖಾಡದಲ್ಲಿ ಓಡಿದಾಗ ಎದ್ದ ಧೂಳು ಮೂರನೆಯ ದಿನ ಸವಣೂರಿನಲ್ಲಿ ಇಳಿಯಿತು. ಅಲ್ಲಿಯ ಎಲೆತೋಟದವರು ಆ ವಾರದ ಸಂತೆಗೆ ವೀಳ್ಯದೆಲೆಯನ್ನು ತೊಳೆದು ಒಯ್ಯಬೇಕಾಯಿತು. ಎರಡನೆಯ ದಿನವೇ ಇಳಿಯಿತು ಎನ್ನುವವರೂ ಇದ್ದಾರೆ. ಅಂಥ ಉತ್ಪ್ರೇಕ್ಷೆಯ ಮಾತನ್ನು ನಾನು ನಂಬುವುದಿಲ್ಲ.

ಬಿರುಗಾಳಿ ಎಂಬುದು ಹೋರಿಯ ಹೆಸರು. ದೀಪಾವಳಿ ಬಂದರೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಜನ ಕಿಕ್ಕಿರಿದ ಓಣಿಯಲ್ಲಿ ಬಿಡುತ್ತಾರೆ. ಗುಂಡಿಗೆ ಇದ್ದವನು ಅದರ ಮೈಮೇಲೆ ಬಿದ್ದು, ಹಿಡಿದು, ಕೊಬ್ಬರಿ ಹರಿಯಬೇಕು. ಹರಿದರೆ ಕೊಬ್ಬರಿ ಅವನದು, ಹರಿಯದಿದ್ದರೆ ಮರ್ಯಾದೆ ಹೋರಿಯದು. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕಿನ ಅಖಾಡಗಳಲ್ಲಿ ಮೈಕ್ ಹಿಡಿದು ಹೋರಿಗಳ ಗುಣ ಹೇಳುವುದು ನನ್ನ ಕೆಲಸ. ಮೈಕ್ ಹಾಲೇಶ ಎಂದರೆ ಗೊತ್ತಾಗುತ್ತದೆ. ಬಿರುಗಾಳಿ ಓಡಿದಷ್ಟು ವರ್ಷವೂ ‘ಹಿಡಿದರು’ ಎಂಬ ಶಬ್ದವನ್ನು ನಾನು ಮೈಕಿನಲ್ಲಿ ಹೇಳುವ ಪ್ರಸಂಗ ಬರಲಿಲ್ಲ. ಅದರ ಮೈಮೇಲೆ ಬಿದ್ದದ್ದು ಒಂದೇ ಕೈ, ಸಾಕಿದ ಉಳಿವೆಪ್ಪನ ಕೈ. ಉಳಿವೆಪ್ಪನ ಹೆಂಡತಿ ನಾಗರತ್ನಾ ದಿನಾ ಹಿಂಡಿ ಕಲಸಿ ಇಡುತ್ತಿದ್ದಳು. ಅವಳು ಇಟ್ಟದ್ದನ್ನು ತಿನ್ನುತ್ತಿತ್ತು, ಅವಳನ್ನೂ ಮುಟ್ಟಗೊಡುತ್ತಿರಲಿಲ್ಲ.

ಹೋರಿಗೂ ವಯಸ್ಸಾಗುತ್ತದೆ. ಒಂದು ಬೇಸಿಗೆ ಬಿರುಗಾಳಿ ಕೊಟ್ಟಿಗೆಯಲ್ಲಿ ಮಲಗಿದ್ದು ಏಳಲಿಲ್ಲ. ಊರಿಗೆ ಊರೇ ಒಲೆ ಹಚ್ಚಲಿಲ್ಲ. ಟ್ರ್ಯಾಕ್ಟರಿನ ಮೇಲೆ ಹೂವಿನ ಮಂಟಪ ಕಟ್ಟಿ, ಡೊಳ್ಳು ಬಾರಿಸಿಕೊಂಡು, ಉಳಿವೆಪ್ಪನ ಹೊಲದಲ್ಲಿರುವ ಗುಂಡಮಟ್ಟಿಯ ಪಕ್ಕಕ್ಕೆ ಒಯ್ದೆವು. ಗುಂಡಮಟ್ಟಿ ಎಂದರೆ ಒಂದು ದುಂಡನೆಯ ದಿಬ್ಬ. ಅಲ್ಲಿ ಗುದ್ದಲಿ ಹಾಕಿದರೆ ಕೈಮೊಳದಷ್ಟು ಉದ್ದದ ಹಳೆಯ ಇಟ್ಟಂಗಿ ಸಿಗುತ್ತಿದ್ದವು. ಉಪ್ಪು, ವಿಭೂತಿ ಹಾಕಿ ಹೋರಿಯನ್ನು ಮಣ್ಣು ಮಾಡಿದ ಮೇಲೆ ಅವೇ ಇಟ್ಟಂಗಿಗಳಿಂದ ಸಮಾಧಿ ಕಟ್ಟಿಸಿದೆವು. ಕಟ್ಟಿದವನು ಹುಲಗೂರಿನ ಗೌಂಡಿ ಬಾಬಾಜಾನ. ಅವನಿಗೆ ಮೂಲೆ ಇರುವ ಕಟ್ಟಡ ಎಂದರೆ ಆಗುವುದಿಲ್ಲ, ಗುಂಬಜು ಎಂದರೆ ಪ್ರಾಣ. ಹಾಗಾಗಿ ಬಿರುಗಾಳಿಯ ಸಮಾಧಿ ಬೋರಲು ಹಾಕಿದ ಗಡಿಗೆಯಂತೆ ಗುಂಡಗೆ, ಚೆಂದಗೆ ಬಂತು.

ಮಣ್ಣು ಕೊಡುವಾಗ ಉಳಿವೆಪ್ಪ ಕುಣಿಯ ಅಂಚಿನಲ್ಲಿ ನಿಂತು, ಎಲ್ಲರ ಮುಂದೆ ಒಂದು ಮಾತು ಕೊಟ್ಟ. ಹಬ್ಬದಲ್ಲಿ ಬಿರುಗಾಳಿಯಾದರೂ ಮನೆಯಲ್ಲಿ ಅದರ ಹೆಸರು ಬಸ್ಯಾ.

“ಬಸ್ಯಾ, ಇದ್ದಾಗ ನಿನ್ನ ಯಾರೂ ಹಿಡೀಲಿಲ್ಲ. ಇನ್ನ ಮುಂದನೂ ಹಿಡ್ಯಾಕ ಬಿಡಂಗಿಲ್ಲ. ನಿನ್ನ ಮೈಮ್ಯಾಲೆ ಬ್ಯಾರೆ ಕೈ ಬಿದ್ರ ನಾ ನಿನ್ನ ಸಾಕಿದಾಂವ ಅಲ್ಲ.”

ಅಂದಿನಿಂದ ನಾಲ್ಕೂ ತಾಲ್ಲೂಕಿನ ಹೋರಿ ಹುಡುಗರು ಹಬ್ಬಕ್ಕೆ ಮುಂಚೆ ತಮ್ಮ ಹೋರಿಗಳನ್ನು ತಂದು ಆ ಸಮಾಧಿಗೆ ಪ್ರದಕ್ಷಿಣೆ ಹಾಕಿಸುತ್ತಾರೆ. ಹಾಕಿಸದ ಹೋರಿಗಳು ಅಖಾಡದಲ್ಲಿ ಹಿಂದಕ್ಕೆ ಓಡಿದ್ದನ್ನು ನಾನೇ ನೋಡಿದ್ದೇನೆ.

ಇಷ್ಟೆಲ್ಲ ಆಗಿ ಹತ್ತು ಹನ್ನೆರಡು ವರ್ಷವಾದ ಮೇಲೆ, ಒಂದು ಸುಗ್ಗಿಯ ಹೊತ್ತಿಗೆ, ತನುಜಾ ಬಂದಳು. ಹಳೆಯ ಕಾಲದ್ದನ್ನು ಅಗೆದು ನೋಡುವ ಇಲಾಖೆಯವಳು. ಜೀಪಿನಿಂದ ಇಳಿದವಳೇ ಗುಂಡಮಟ್ಟಿಗೆ ಹೋಗದೆ ಸೀದಾ ಬಿರುಗಾಳಿಯ ಸಮಾಧಿಯ ಮುಂದೆ ನಿಂತು, ಇಟ್ಟಂಗಿಗಳನ್ನು ಕಣ್ಣಿನಲ್ಲೇ ತಿನ್ನತೊಡಗಿದಳು.

“ಇದನ್ನ ಯಾರು ಕಟ್ಟಿದ್ದು?” ಎಂದಳು.

“ಹುಲಗೂರ ಬಾಬಾಜಾನ,” ಎಂದೆ.

“ಯಾವ ಕಾಲದಾಂವ?”

“ಮುಂಜಾನೆ ತಿಳವಳ್ಳಿ ಬಸ್ ಸ್ಟ್ಯಾಂಡಿನ್ಯಾಗ ಚಾ ಕುಡ್ಯಾಕತ್ತಿದ್ದ, ಬಾಯಾರ.” ಓದಿದ ಹೆಣ್ಣುಮಕ್ಕಳನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ.

ಅವಳ ಮುಖ ಸ್ವಲ್ಪ ಸಣ್ಣದಾಯಿತು. ಉಳಿವೆಪ್ಪ ಬಂದು, ಒಳಗೆ ಯಾರಿದ್ದಾರೆ ಎಂದು ತಿಳಿಸಿದ. ಕೇಳಿ ತನುಜಾ ಒಂದು ಹೆಜ್ಜೆ ಹಿಂದೆ ಸರಿದಳು.

“ಬಿರುಗಾಳಿ ಅಂದ್ರ, ಆ ಬಿರುಗಾಳಿ ಏನ್ರಿ? ನಾನೂ ಶಿಗ್ಗಾಂವದಾಕಿನ. ನಮ್ಮ ಅಣ್ಣನ ಮುಂದಿನ ಹಲ್ಲ ಎರಡು ಇನ್ನೂ ನಿಮ್ಮ ಹೋರಿ ಲೆಕ್ಕದಾಗ ಅದಾವ.”

“ಹಿಡ್ಯಾಕ ಬಂದಿದ್ನೇನು?”

“ಬಂದಿದ್ದ. ಹಿಡಿದೆ ಅಂತ ಇವತ್ತಿಗೂ ಹೇಳ್ತಾನ.”

“ಹಲ್ಲಿಲ್ಲದ ಬಾಯಾಗ ಏನ ಹೇಳಿದ್ರೂ ಹಂಗ ಕೇಳಸ್ತೈತಿ,” ಎಂದ ಉಳಿವೆಪ್ಪ. ಅಂದಿನಿಂದ ಇಬ್ಬರಿಗೂ ಹೊಂದಿಕೆಯಾಯಿತು.

ಗುಂಡಮಟ್ಟಿ ಅಗೆಯುವ ಕೆಲಸಕ್ಕೆ ಊರಿನ ಹೆಣ್ಣು ಗಂಡು ಎಲ್ಲ ಹೋದೆವು. ಹಗ್ಗ ಕಟ್ಟಿ, ಚೌಕ ಹಾಕಿ, ಚಮಚದಲ್ಲಿ ಕೆರೆದಂತೆ ಮಣ್ಣು ತೆಗೆಯಬೇಕು. ಗೇಣು ಇಳಿಯುವಷ್ಟರಲ್ಲಿ ವಾರ ಕಳೆಯಿತು. ಒಂದು ದಿನ ಮಣ್ಣಿನೊಳಗಿಂದ ಇಟ್ಟಂಗಿಯ ಕಮಾನು ಕಂಡಿತು. ಬಂಡಿಯ ಗಾಲಿಯನ್ನು ನೆಲದಲ್ಲಿ ಹೂತು ಕಾಲುಭಾಗ ಮಾತ್ರ ಬಿಟ್ಟರೆ ಹೇಗೆ ಕಾಣುತ್ತದೆಯೋ ಹಾಗೆ. ತನುಜಾ ಎಲ್ಲರನ್ನೂ ಕೂಡ್ರಿಸಿ ತಿಳಿಸಿದಳು.

“ಇದು ಸ್ತೂಪ ಇರಬೇಕು. ಎರಡು ಸಾವಿರ ವರ್ಷದ ಹಿಂದ ನಮ್ಮ ಬನವಾಸಿ ಸೀಮ್ಯಾಗ ಬುದ್ಧನ ಹಾದಿ ಹಿಡಿದ ಜನ ಇದ್ರು. ದೊಡ್ಡವರು ತೀರಿಕೊಂಡ್ರ ಅವರ ಅಸ್ಥಿ ಒಳಗಿಟ್ಟು, ಮ್ಯಾಲೆ ಇಟ್ಟಂಗಿಲೆ ಗುಂಡಗ ಕಟ್ಟಿ, ಹೂ ಏರಿಸಿ, ಸುತ್ತ ಪ್ರದಕ್ಷಿಣಿ ಹಾಕ್ತಿದ್ರು.”

ಎಲ್ಲರ ಕುತ್ತಿಗೆಯೂ ತಾನಾಗಿ ಬಿರುಗಾಳಿಯ ಸಮಾಧಿಯ ಕಡೆ ತಿರುಗಿತು.

“ಹಂಗಾರ ನಮ್ಮ ಪದ್ಧತಿ ಕರೆಕ್ಟ್ ಐತಿ,” ಎಂದ ಉಳಿವೆಪ್ಪ.

ತನುಜಾ ನಗಲಿಲ್ಲ. “ಐತ್ರಿ. ಆದ್ರ ನೀವು ಇವರ ಇಟ್ಟಂಗಿ ತಗೊಂಡೀರಿ.”

ನಿಜ. ನಾವಷ್ಟೇ ಅಲ್ಲ, ನಮ್ಮ ಅಜ್ಜ ಮುತ್ತಜ್ಜಂದಿರೂ ತೆಗೆದುಕೊಂಡಿದ್ದರು. ಊರಿನ ತುಳಸಿಕಟ್ಟೆ, ಬಚ್ಚಲ ಕಟ್ಟೆ, ಶಾಲೆಯ ಮೆಟ್ಟಿಲು ಎಲ್ಲ ಅದೇ ಇಟ್ಟಂಗಿ. ಮೂಡಗಟ್ಟಿಯ ತುಂಬ ಸ್ತೂಪವಿತ್ತು. ಗುಂಡಮಟ್ಟಿಯಲ್ಲಿ ಮಾತ್ರ ಕಾಲುಭಾಗ ಉಳಿದಿತ್ತು.

ಇದೇ ಕಾರಣಕ್ಕೆ ಕೆಲಸ ಕೆಟ್ಟಿತು. ಮೇಲಿನಿಂದ ಒಬ್ಬ ಸಾಹೇಬರು ನೋಡಲು ಬಂದರು. ಕಮಾನನ್ನು ಒಂದು ಸುತ್ತು ಹಾಕಿ, ಮೂಗಿಗೆ ಕರವಸ್ತ್ರ ಹಿಡಿದು, “ಇಟ್ಟಿಗೆ ಭಟ್ಟಿ ಇರಬಹುದು,” ಎಂದರು. ತನುಜಾ ಅವರಿಗೆ ಒಂದು ಒಡೆದ ಕಲ್ಲನ್ನು ತೋರಿಸಿದಳು. ಹಸಿರು ಮಿಶ್ರಿತ ಬಿಳಿಯ ಹಾಸುಗಲ್ಲು, ಅರ್ಧವೇ ಇತ್ತು. ಅಂಚಿನಲ್ಲಿ ಕೋಳಿ ಕೆರೆದಂತೆ ನಾಲ್ಕು ಗೀರು. ಅವು ಬ್ರಾಹ್ಮಿ ಎಂಬ ಹಳೆಯ ಅಕ್ಷರಗಳಂತೆ. ‘ಸಿಧಂ ನಾಗ’ ಎಂದು ಇತ್ತು, ಅಲ್ಲಿಗೆ ಕಲ್ಲು ಮುರಿದಿತ್ತು.

“ನಾಗ ಅಂದ್ರೆ ಯಾರಾದ್ರೂ ಆಗ್ಬಹುದು. ಕಲ್ಲು ಎಲ್ಲಿಂದಲೋ ಬಂದಿರ್ಬಹುದು. ಉಳಿದ ಅರ್ಧ ಸಿಕ್ರೆ ನೋಡೋಣ, ಇಲ್ಲಾಂದ್ರೆ ಮುಚ್ಚಿಬಿಡಿ,” ಎಂದು ಸಾಹೇಬರು ಜೀಪು ಹತ್ತಿದರು.

ಜೀಪು ಊರು ದಾಟುವ ಮೊದಲೇ ಆ ಮಾತು ತಿಳವಳ್ಳಿ ಮುಟ್ಟಿತ್ತು. ಹಾನಗಲ್ಲಿನವರಿಗೆ ತಾರಕೇಶ್ವರನ ಗುಡಿ ಇದೆ, ತಿಳವಳ್ಳಿಯವರಿಗೆ ಶಾಂತೇಶ್ವರನ ಗುಡಿ ಇದೆ. ಮೂಡಗಟ್ಟಿಯವರಿಗೆ ಹೇಳಿಕೊಳ್ಳಲು ಇದ್ದದ್ದು ಬಿರುಗಾಳಿ, ಅದೂ ಮಣ್ಣಿನೊಳಗೆ. ಈಗ ಬುದ್ಧನ ಕಾಲದ್ದೊಂದು ಕೈಗೆ ಬಂದಿತು ಎನ್ನುವಷ್ಟರಲ್ಲಿ ಭಟ್ಟಿಯಾಯಿತು. ಮರುದಿನ ತಿಳವಳ್ಳಿಯಲ್ಲಿ ಬಸ್ ಇಳಿದರೆ ಪಾನಪಟ್ಟಿ ಅಂಗಡಿಯವನು ಕೂಗಿದ:

“ಬರ್ರಿ ಬರ್ರಿ, ಭಟ್ಟಿ ಊರವ್ರು! ಒಂದ ಲೋಡ್ ಇಟ್ಟಂಗಿಗೆ ಹ್ಯಾಂಗ ದರ?”

ನಾನು ಯಾವ ಊರಿನಲ್ಲೂ ಮಾತಿಗೆ ಸೋತವನಲ್ಲ. ಅಂದು ಸುಮ್ಮನೆ ತಲೆ ಬಗ್ಗಿಸಿ ಚಹದ ಅಂಗಡಿ ಹೊಕ್ಕೆ. ಒಳಗೆ ಬಾಬಾಜಾನ ಇದ್ದ. ನಡೆದದ್ದನ್ನು ಹೇಳಿ, ಫೋನಿನಲ್ಲಿದ್ದ ಒಡೆದ ಕಲ್ಲಿನ ಚಿತ್ರ ತೋರಿಸಿದೆ. ಬಾಬಾಜಾನ ಬಸಿತಟ್ಟೆಯಿಂದ ಚಹ ಹೀರುತ್ತಿದ್ದವನು ಹಾಗೇ ನಿಂತ. ಚಹ ಅಂಗಿಯ ಮೇಲೆ ಇಳಿಯಿತು.

“ಇದನ್ನ ಒಡದಾಂವ ನಾನ, ಹಾಲೇಶ.”

“ಏನಂದಿ?”

“ಹೋರಿ ಮಣ್ಣು ಮಾಡೂ ದಿನ. ಉಳಿವೆಪ್ಪ ಅಂದ, ಬಸ್ಯಾನ ತಲಿ ಬರೇ ಮಣ್ಣಿನ ಮ್ಯಾಲೆ ಇಡಬ್ಯಾಡ, ತಲೆದಿಂಬಿಗೆ ಏನರೆ ಹಾಕು ಅಂತ. ಮಟ್ಟಿ ಮ್ಯಾಲೆ ಈ ಕಲ್ಲ ಬಿದ್ದಿತ್ತು. ಉದ್ದ ಆತು. ಒಂದ ಪೆಟ್ಟು ಹಾಕಿದೆ, ಎರಡಾತು. ಒಂದನ್ನ ಒಗದೆ. ಇನ್ನೊಂದು…” ಅವನು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ. “ಯಾ ಅಲ್ಲಾ! ಇದನ್ನ ಯಾರ ಮುಂದನೂ ಹೇಳಬ್ಯಾಡ ಮಾರಾಯ.”

ನಾನು ಯಾರ ಮುಂದೆಯೂ ಹೇಳಲಿಲ್ಲ. ಆದರೆ ನನ್ನ ಗಂಟಲು ಅಖಾಡಕ್ಕೆ ಪಳಗಿದ್ದು. ಮೆಲ್ಲಗೆ ಅಂದುಕೊಂಡರೂ ನಾಲ್ಕು ಓಣಿಗೆ ಕೇಳುತ್ತದೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು: ಮೂಡಗಟ್ಟಿಯ ಮರ್ಯಾದೆಯ ಅರ್ಧ ಕಲ್ಲು ಬಿರುಗಾಳಿಯ ತಲೆಯ ಕೆಳಗೆ ಇದೆ.

ಉಳಿವೆಪ್ಪನ ಕಟ್ಟೆಯ ಮುಂದೆ ಜನ ಸೇರಿದರು. ಅವನು ಕೊಟ್ಟ ಮಾತನ್ನು ಎಲ್ಲರೂ ಕೇಳಿದ್ದರು. ಕೊನೆಗೆ ತನುಜಾ ಬಂದು ಎದುರಿಗೆ ಕೂತಳು.

“ನಾ ಕೇಳಂಗಿಲ್ರಿ,” ಎಂದಳು. “ಅದು ನಿಮ್ಮ ಹೋರಿ, ನಿಮ್ಮ ಮಾತು. ಕಲ್ಲಿಲ್ಲಾಂದ್ರ ನಾಡಿದ್ದ ಮಣ್ಣು ಮುಚ್ಚಿ ಹೋಗ್ತೇನಿ. ಆದ್ರ ಬಾಬಾಜಾನ ಅಣ್ಣ ಹೇಳಿದ್ದು ಖರೇ ಅಂತ ನಿಮ್ಮ ಬಾಯಿಂದ ಒಮ್ಮೆ ಕೇಳಬೇಕಿತ್ತು.”

“ಖರೇ ಐತಿ. ನಾನ ಕೈಯಾರೆ ಇಟ್ಟೇನಿ,” ಎಂದ ಉಳಿವೆಪ್ಪ. “ನೆಟ್ಟಗಿರೋ ಬಾಜು ಮ್ಯಾಲೆ ಮಾಡಿದ್ದೆ. ಗೀರಿದ್ದದ್ದು ತಳಗ ಹೋತು. ಬಸ್ಯಾಗ ಚುಚ್ಚಬಾರದಂತ.”

“ಅಂದ್ರ ಅಕ್ಷರ ಇನ್ನೂ ಚೊಕ್ಕ ಇರ್ತಾವ,” ಎಂದಳು ತನುಜಾ. ಎಂದದ್ದಕ್ಕೆ ತಾನೇ ನಾಲಿಗೆ ಕಚ್ಚಿಕೊಂಡು ಎದ್ದು ಹೋದಳು.

ಎಲ್ಲರೂ ಹೋದ ಮೇಲೆ ನಾಗರತ್ನಾ ಬಾಗಿಲಿಗೆ ಬಂದಳು. ನಾನು ಹೋಗಿರಲಿಲ್ಲ. ಇಂಥ ಹೊತ್ತಿನಲ್ಲಿ ಎದ್ದು ಹೋಗುವ ಅಭ್ಯಾಸ ನನಗಿಲ್ಲ.

“ಏನ್ ಮಾಡ್ತೀರಿ?” ಎಂದಳು ಗಂಡನಿಗೆ.

“ಏನ್ ಮಾಡ್ಲಿ? ಮಾತ ಕೊಟ್ಟೇನಿ.”

“ಬಸ್ಯಾ ಇದ್ದಾಗ ನಾಕ ತಾಲೂಕಿನ್ಯಾಗ ನಿಮ್ಮ ಮರ್ಯಾದಿ ಕಾದಾನ. ಈಗ ಊರ ಮರ್ಯಾದಿ ತಲಿ ತಳಗ ಇಟಗೊಂಡು ಮಲಗ್ಯಾನ. ನೀವ ಕೊಟ್ಟ ಮಾತಿಗೆ ನೀವ ಅದೀರಿ. ಅವನ್ನರೆ ಒಂದ ಮಾತ ಕೇಳ್ರಿ.”

ಕೇಳುವುದೆಂದರೆ ಹೂವಿನ ಪ್ರಸಾದ ಕೇಳುವುದು. ನಮ್ಮಲ್ಲಿ ಹೊಲ ಕೊಳ್ಳುವುದಿದ್ದರೂ, ಹೆಣ್ಣು ಕೊಡುವುದಿದ್ದರೂ ದೇವರ ಮೇಲೆ ಹೂವು ಏರಿಸಿ ಕಾಯುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಮರುದಿನ ಬೆಳಿಗ್ಗೆ ಉಳಿವೆಪ್ಪ ಸ್ನಾನ ಮಾಡಿ, ಸಮಾಧಿಯ ನೆತ್ತಿಯ ಮೇಲೆ ಎರಡು ಬದಿಗೂ ಸೇವಂತಿಗೆ ಅಂಟಿಸಿ, ಕೈಮುಗಿದು ಕೂತ. ಊರು ದೂರದಲ್ಲಿ ನಿಂತಿತು. ತನುಜಾ ಇನ್ನೂ ದೂರದಲ್ಲಿ ನಿಂತಳು. ಹೂವು ಅಲುಗಲಿಲ್ಲ. ಬಿಸಿಲು ಏರಿತು. ಹೂವು ಬಾಡಿತೇ ಹೊರತು ಬೀಳಲಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಆಡು ಬಂದು, ಜಿಗಿದು, ಗುಂಬಜಿನ ಮೇಲೆ ನಿಂತು ಎರಡೂ ಹೂವನ್ನು ತಿಂದಿತು.

ದೊಡ್ಡ ಚರ್ಚೆ ಎದ್ದಿತು.

“ಆಡು ಬಲಕ್ಕಿಂದ ಬಂತು. ಹೌದು ಅಂದಂಗ.”

“ಎಡಕ್ಕ ಇಳದು ಹೋತಲ್ಲ, ಕಣ್ಣ ಕಾಣಂಗಿಲ್ಲೇನು?”

“ಮೊದಲ ಯಾವ ಹೂ ತಿಂತು ಅದನ್ನ ಹೇಳ್ರಿ!”

“ಆಡಿನ ಮಾಲಕನ್ನ ಕೇಳ್ರಿ!”

ಉಳಿವೆಪ್ಪ ಎದ್ದು ನಿಂತ. “ಸಾಕು ಬಾಯಿ ಮುಚ್ರಿ. ಬಸ್ಯಾ ನನಗ ಬಿಟ್ಟಾನ. ಅಂವ ಇದ್ದಾಗನೂ ಅಷ್ಟ, ಯಾವ ಕಡೆ ಓಡಬೇಕು ಅನ್ನೂದು ಅಂವಂದು, ಯಾವಾಗ ಬಿಡಬೇಕು ಅನ್ನೂದು ನಂದು.” ಅವನು ತನುಜಾಳ ಕಡೆ ತಿರುಗಿದ. “ಬಾಯಾರ, ತಗೀತೇನಿ. ಆದ್ರ ಕೈ ನಂದ. ಬ್ಯಾರೆ ಯಾರ ಬೆರಳೂ ಅವಗ ತಾಗಬಾರದು. ಇದಕ್ಕ ಒಪ್ಪಿದ್ರ ಹೇಳ್ರಿ.”

“ಒಪ್ಪಿದೆ,” ಎಂದಳು.

ಬಾಬಾಜಾನ ಹುಲಗೂರು ದರ್ಗಾದಿಂದ ಸಕ್ಕರೆಗೆ ಫಾತಿಹಾ ಓದಿಸಿಕೊಂಡು ಬಂದ. ಎಲ್ಲರ ಕೈಗೂ ಒಂದು ಚಿಟಿಕೆ ಹಾಕಿ, ಗುಂಬಜಿನ ನೆತ್ತಿಯ ಇಟ್ಟಂಗಿಯಿಂದ ಬಿಚ್ಚಲು ಆರಂಭಿಸಿದ. ತಾನು ಕಟ್ಟಿದ್ದನ್ನು ತಾನೇ ಬಿಚ್ಚುವ ಗೌಂಡಿಯ ಮುಖವನ್ನು ನೀವು ನೋಡಬಾರದು. ಪ್ರತಿ ಇಟ್ಟಂಗಿ ಇಳಿಸುವಾಗಲೂ ಹೇಳುತ್ತಿದ್ದ: “ನೋಡ್ರಿ, ಎಷ್ಟು ಘಟ್ಟಿ ಕೂಡಿಸೀನಿ. ನೋಡ್ರಿ, ಬರವಲ್ದು.” ಅವನ ಸುಣ್ಣದ ಗಾರೆ ಎಷ್ಟು ಗಟ್ಟಿಯಿತ್ತೆಂದರೆ ಎರಡು ಹಾರೆಗಳು ಬಾಗಿದವು, ಮೂರನೆಯದು ತಾನಾಗಿ ಮನೆಗೆ ಹೋಯಿತು.

ಇಟ್ಟಂಗಿ ಮುಗಿದು ಮಣ್ಣು ಬಂದಾಗ ಉಳಿವೆಪ್ಪ ಒಳಗಿಳಿದ. ತನುಜಾ ಕುಣಿಯ ಅಂಚಿನಲ್ಲಿ ಬೋರಲು ಮಲಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಿಂದಲೇ ಕಲಿಸಿದಳು.

“ಬ್ರಷ್ ಮೆತ್ತಗ. ಎಮ್ಮಿ ಮೈ ತೊಳಿದಂಗ ಅಲ್ಲ, ಕೂಸಿನ ಮಾರಿ ಒರಸಿದಂಗ. ಹಾಂ. ಬಿದಿರ ಕಡ್ಡಿ ತಗೋರಿ. ಅಲ್ಲಿ ಅಲ್ಲ, ಎಡಕ್ಕ.”

ಮಣ್ಣಿನಿಂದ ಮೊದಲು ಕಂಡದ್ದು ಕೋಡಣಸು, ಕೊಂಬಿನ ತುದಿಗೆ ಹಾಕುವ ಹಿತ್ತಾಳೆಯ ಟೊಪ್ಪಿಗೆ. ಹಸಿರುಗಟ್ಟಿತ್ತು. ಉಳಿವೆಪ್ಪ ಅದನ್ನು ಅಂಗೈಯಲ್ಲಿ ತಿಕ್ಕಿದ. ಆಮೇಲೆ ಎರಡನೆಯದು ಕಂಡಿತು. ಎರಡರ ನಡುವೆ ಅಗಲವಾದ ಹಣೆ. ಮೇಲೆ ನಿಂತಿದ್ದ ಗಂಡಸರೆಲ್ಲ ಯಾರೂ ಹೇಳದೆ ತಲೆಯ ಮೇಲಿನ ಟವೆಲು ತೆಗೆದರು.

“ಏ ಬಸ್ಯಾ,” ಎಂದ ಉಳಿವೆಪ್ಪ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕರೆದಂತೆ. “ನಾನ ಲೇ. ಹೆದರಬ್ಯಾಡ. ಸ್ವಲ್ಪ ತಲಿ ಎತ್ತು.”

ತಲೆಯ ಕೆಳಗೆ ಹಸಿರು ಬಿಳುಪಿನ ಕಲ್ಲಿನ ಅಂಚು ಕಾಣುತ್ತಿತ್ತು. ಅದನ್ನು ತೆಗೆಯಬೇಕಾದರೆ ಬುರುಡೆಯನ್ನು ಎತ್ತಿ ಹಿಡಿಯಬೇಕು. ಉಳಿವೆಪ್ಪ ಎರಡು ಕೊಂಬು ಹಿಡಿದು ಎತ್ತಿದ. ಒಳಗೆಲ್ಲೋ ಸುಟ್ಟ ಹಪ್ಪಳ ಮುರಿದ ಹಾಗೆ ಸದ್ದಾಯಿತು. ಅವನು ಕೈ ತೆಗೆದ. ದವಡೆಯ ಕಡೆಯಿಂದ ಎತ್ತಲು ನೋಡಿದ. ಹಣೆ ವಾಲಿತು. ಮತ್ತೆ ಇಟ್ಟ. ಅಂಗೈ ಧೋತರಕ್ಕೆ ಒರೆಸಿಕೊಂಡು, ಮೂರನೆಯ ಸಲ ಹಿಡಿಯದೆ ಕೂತ. ಓಡುವ ಹೋರಿಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ನಿಲ್ಲಿಸಿದ ಮನುಷ್ಯ ಅವನು.

“ಇದು ಒಬ್ಬರ ಕೈಲೆ ಆಗಂಗಿಲ್ಲ,” ಎಂದಳು ತನುಜಾ ಮೆಲ್ಲಗೆ. “ಹಿಂದ ಒಬ್ಬರು, ಮುಂದ ಒಬ್ಬರು, ಕೂಡೇ ಎತ್ತಬೇಕು. ಇಲ್ಲಾಂದ್ರ ಒಡೀತೈತಿ. ಬಿಡ್ರಿ, ಅಣ್ಣಾರ. ಮುಚ್ಚಿಬಿಡೂಣು. ನನಗ ಕಲ್ಲ ಬ್ಯಾಡ.”

ಅವಳು ಸುಮ್ಮನೆ ಹೇಳುತ್ತಿರಲಿಲ್ಲ. ಎದ್ದು ಕೂತು, ಹಿಂದಕ್ಕೆ ಸರಿದಳು. ಕೈ ಮಾತ್ರ ಇನ್ನೂ ಬೆನ್ನ ಹಿಂದೆಯೇ ಇತ್ತು.

ಉಳಿವೆಪ್ಪ ಕುಣಿಯೊಳಗಿಂದ ಅವಳನ್ನು ನೋಡಿದ. ಊರನ್ನು ನೋಡಿದ. ಗುಂಡಮಟ್ಟಿಯ ಕಮಾನನ್ನು ನೋಡಿದ. ಆಮೇಲೆ ಬುರುಡೆಯ ಹಣೆಯ ಮೇಲೆ ಅಂಗೈ ಇಟ್ಟ. ಮಾತಾಡಿದ್ದು ಅದಕ್ಕೋ ತನಗೋ, ತುಟಿ ಮಾತ್ರ ಅಲುಗಿತು.

“ಬಾಯಾರ, ಇಳೀರಿ.”

“ನಾ ಮಾತ ಕೊಟ್ಟೇನ್ರಿ.”

“ನೀವ ಕೊಟ್ಟದ್ದು ನನಗ. ನಾ ಬಿಟ್ಟೇನಿ. ನಾ ಕೊಟ್ಟದ್ದು ಅವಗ, ಅವನ ಕೂಡ ಈಗ ಮಾತಾಡೇನಿ. ಇಳೀರಿ ಅಂದ್ರ ಇಳೀರಿ.”

ತನುಜಾ ಚಪ್ಪಲಿ ಬಿಟ್ಟು ಇಳಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಕೈಯಲ್ಲಿ ಮಣ್ಣಿದ್ದದ್ದು ಹೋಯಿತೋ ಸೆರಗಿನ ಮಣ್ಣು ಕೈಗೆ ಬಂತೋ ತಿಳಿಯದು. ಎರಡೂ ಅಂಗೈಗಳನ್ನು ಬಿರುಗಾಳಿಯ ದವಡೆಯ ಕೆಳಗೆ ತೂರಿಸಿದಳು. ಉಳಿವೆಪ್ಪ ಕೊಂಬು ಹಿಡಿದ. ಒಂದು, ಎರಡು ಎನ್ನಲಿಲ್ಲ. ಇಬ್ಬರೂ ಕೂಡೇ ಉಸಿರು ಹಿಡಿದರು. ತಲೆ ಮೇಲೆ ಬಂತು. ಬಾಬಾಜಾನ ಕೈ ಚಾಚಿ ಕಲ್ಲನ್ನು ಎಳೆದುಕೊಂಡ.

ಆ ಹೊತ್ತಿಗೆ ಇಡೀ ಮೂಡಗಟ್ಟಿಯಲ್ಲಿ ಒಂದು ನೊಣವೂ ರೆಕ್ಕೆ ಬಡಿಯಲಿಲ್ಲ. ತಿಳವಳ್ಳಿಯಿಂದ ಬರುತ್ತಿದ್ದ ಬಸ್ಸು ಕೂಡ ಅರ್ಧ ಹಾದಿಯಲ್ಲಿ ನಿಂತು ಕಾಯಿತು ಎಂದು ಕಂಡಕ್ಟರ್ ಆಮೇಲೆ ಹೇಳಿದ. ನೀವು ಕೇಳುವಾಗ ಅವನು ಮರೆತಿದ್ದರೆ ನಾನೇ ಹೇಳಿಕೊಡುತ್ತೇನೆ.

ಬುರುಡೆಯನ್ನು ಹುಲ್ಲಿನ ಮೇಲೆ ಇಟ್ಟ ಮೇಲೆ ಉಳಿವೆಪ್ಪ ಮೇಲಕ್ಕೆ ನೋಡಿದ. ನನ್ನನ್ನೇ ನೋಡಿದ.

“ಹಾಲೇಶ, ಹೇಳ.”

“ಏನ ಹೇಳ್ಲಿ?”

“ಅಖಾಡದಾಗ ಏನ ಹೇಳ್ತಿ ಅದನ್ನ ಹೇಳ. ನ್ಯಾಯ ಅಂದ್ರ ನ್ಯಾಯ.”

ಮೈಕ್ ಇರಲಿಲ್ಲ. ಇದ್ದರೂ ಆಗುತ್ತಿರಲಿಲ್ಲ. ನನ್ನ ಗಂಟಲಿನಿಂದ ಆ ಶಬ್ದ ಇಲಿಯ ಮರಿಯ ಹಾಗೆ ಹೊರಬಂತು: “ಹಿಡದ್ರು… ಶಿಗ್ಗಾಂವದ ತನುಜಾ ಬಾಯಾರು… ಬಿರುಗಾಳಿನ್ನ ಹಿಡದ್ರು.”

ಮೊದಲು ಒಬ್ಬಳು ಸೀಟಿ ಹೊಡೆದಳು. ಮೂಡಗಟ್ಟಿಯ ಹೆಂಗಸರಿಗೆ ಸೀಟಿ ಹೊಡೆಯಲು ಬರುತ್ತದೆ ಎಂದು ನಮಗೆ ಗೊತ್ತಾದದ್ದು ಅಂದೇ. ಆಮೇಲೆ ಊರು ಕೂಗಿದ ಕೂಗಿಗೆ ಗುಂಡಮಟ್ಟಿಯ ಗಿಡದ ಗಿಣಿಗಳು ಹಾನಗಲ್ಲ ಕೆರೆಯ ತನಕ ಹೋಗಿ ಬಂದವು. ನಾಗರತ್ನಾ ಮನೆಗೆ ಓಡಿ, ಅಡ್ಡಗೋಡೆಯ ಮೇಲಿದ್ದ ಕೊಬ್ಬರಿಯನ್ನೆಲ್ಲ ಪೋಣಿಸಿ ತಂದು, ತನುಜಾಳ ಕೊರಳಿಗೆ ಹಾಕಿದಳು. ತನುಜಾ ಅಳುತ್ತಿದ್ದಳೋ ನಗುತ್ತಿದ್ದಳೋ, ಕೊಬ್ಬರಿಯ ಸಂದಿಯಿಂದ ಫೋನ್ ತೆಗೆದು ಅಣ್ಣನಿಗೆ ಹಚ್ಚಿದಳು.

“ಅಣ್ಣಾ, ನಾ ಹಿಡದೆ.”

“ಏನ್ ಹಿಡದೀ? ಬಸ್ಸೇನು?”

“ಬಿರುಗಾಳಿನ್ನ.”

ಆ ಕಡೆಯಿಂದ ಒಂದೇ ಮಾತು ಬಂತು: “ಹಲ್ಲ ಅದಾವೋ ಇಲ್ಲೋ ನೋಡಿಕೋ.”

ಇಷ್ಟರಲ್ಲಿ ಬಾಬಾಜಾನ ಕಲ್ಲನ್ನು ಮಗುಚಿ ಹಾಕಿದ್ದ. ತನುಜಾ ಸರ ಹಾಕಿಕೊಂಡೇ ಕೂತು, ಮೆತ್ತನೆಯ ಬ್ರಷ್ಷಿನಿಂದ, ಬೊಗಸೆ ನೀರಿನಿಂದ ಮಣ್ಣು ತೊಳೆದಳು. ಅಕ್ಷರಗಳು ನಿನ್ನೆ ಕೆತ್ತಿದ ಹಾಗೆ ಇದ್ದವು. ಹಳೆಯ ಅರ್ಧವನ್ನು ತರಿಸಿ ಪಕ್ಕಕ್ಕೆ ಜೋಡಿಸಿದಳು. ಬಾಬಾಜಾನನ ಒಂದು ಪೆಟ್ಟಿನ ಬಿರುಕು ಗಲ್ಲಕ್ಕೆ ಗಲ್ಲ ತಾಗಿಸಿದಂತೆ ಮುಚ್ಚಿಕೊಂಡಿತು. ಅವಳು ಬೆರಳು ಮುಟ್ಟಿಸದೆ, ಒಂದೊಂದೇ ಅಕ್ಷರದ ಮೇಲೆ ನೆರಳು ಹಾಯಿಸುತ್ತ ಓದಿದಳು. ಪ್ರಾಕೃತವಂತೆ. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದತೊಡಗಿದಳು.

“ಏನೈತಿ ಹೇಳ ನಮ್ಮವ್ವ, ಜೀವ ತಿನಬ್ಯಾಡ,” ಎಂದಳು ನಾಗರತ್ನಾ.

“ಸಿದ್ಧಂ, ಅಂದ್ರ ಒಳ್ಳೇದಾಗಲಿ. ನಾಗಸಿರಿ ಅನ್ನೂ ಹೆಣಮಗಳು, ತನ್ನ ಮಕ್ಕಳು ಬಳಗದ ಕೂಡ, ಈ ಥೂಪಕ್ಕ ಕೊಟ್ಟ ಹಾಸುಗಲ್ಲು. ಎಲ್ಲಾ ಜೀವಿಗಳ ಸುಖಕ್ಕ.” ಅವಳು ತಲೆಯೆತ್ತಿದಳು. “ಥೂಪ ಅಂದ್ರ ಸ್ತೂಪ. ಇಲ್ಲೇ ಬರದಾರ್ರಿ. ಭಟ್ಟಿ ಅಲ್ಲ.”

ಊರಿಗೆ ಸ್ತೂಪಕ್ಕಿಂತ ಮೊದಲು ಕಿವಿಗೆ ಬಿದ್ದದ್ದು ಹೆಸರು. ನಾಗರತ್ನಾ ಸೊಂಟಕ್ಕೆ ಕೈಯಿಟ್ಟು ಗಂಡಸರ ಕಡೆ ತಿರುಗಿದಳು. ಅವಳು ಎರಡು ಸಾವಿರ ವರ್ಷ ಕಾದಿದ್ದವಳಂತೆ ಕಂಡಳು.

“ಕೇಳಿದ್ರಿಲ್ಲ? ನಾಗಸಿರಿ. ಆವತ್ತೂ ನಿಮ್ಮಂಥಾವ್ರು ಎಲ್ಲೋ ಹೋರಿ ಹಿಂದ ಓಡಾಕತ್ತಿರಬೇಕು. ಕಲ್ಲ ಹಾಕಿಸಿದಾಕಿ ನಮ್ಮಾಕಿ!”

ಬರೆದದ್ದನ್ನು ಅಲ್ಲಗಳೆಯಲು ಯಾರಿಗೆ ಆಗುತ್ತದೆ?

ಉಳಿವೆಪ್ಪ ಮಾತ್ರ ಬೇರೆಯೇ ಯೋಚನೆಯಲ್ಲಿದ್ದ. “ಬಾಯಾರ, ಎಲ್ಲಾ ಜೀವ ಅಂತ ಬರದಾರಲ್ಲ. ಅದರಾಗ ಹೋರಿನೂ ಬಂತೇನ್ರಿ?”

“ಬಂತ್ರಿ. ಎಲ್ಲಾ ಅಂದ್ರ ಎಲ್ಲಾ.”

“ಹಂಗಾರ ತಲೆದಿಂಬು ಮಾಡಿದ್ದು ತಪ್ಪಾಗಿಲ್ಲ,” ಎಂದು ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. “ಆಕಿ ಕೊಟ್ಟದ್ದು ಅವಗೂ ಸೇರಿತ್ತು.”

ಬಿರುಗಾಳಿಯ ತಲೆಗೆ ಹೊಸ ದಿಂಬು ಬೇಕಾಯಿತು. ಬಾಬಾಜಾನ ಒಂದು ಕರಿಕಲ್ಲನ್ನು ಸಪಾಟು ಮಾಡಿ ತಂದ. ಉಳಿವೆಪ್ಪ, ತನುಜಾ ಇಬ್ಬರೂ ಕೂಡಿ ತಲೆಯನ್ನು ಮತ್ತೆ ಇಟ್ಟರು. ಹಳೆಯ ಇಟ್ಟಂಗಿಗಳನ್ನು ತನುಜಾ ಕೇಳಲಿಲ್ಲ. ಉಳಿವೆಪ್ಪನೇ ಅವನ್ನು ಎತ್ತಿ ಗುಂಡಮಟ್ಟಿಯ ಕಡೆ ಇಟ್ಟ. ಹೊಸ ಗುಂಬಜಿಗೆ ಹೊಸ ಇಟ್ಟಂಗಿ ತರಿಸಿದ. ಅದನ್ನು ನೋಡಿದ ಮೇಲೆ ಒಂದೊಂದೇ ಮನೆಯಿಂದ ಬಚ್ಚಲ ಕಟ್ಟೆಯ, ತುಳಸಿಕಟ್ಟೆಯ ಇಟ್ಟಂಗಿಗಳು ತಲೆಯ ಮೇಲೆ ಕೂತು ಬಂದವು. ಯಾರೂ ಡಂಗುರ ಸಾರಿಸಿರಲಿಲ್ಲ. ಎರಡು ದಿನ ಊರಿನ ಗಂಡಸರೆಲ್ಲ ಬಯಲಿನಲ್ಲಿ ಸ್ನಾನ ಮಾಡಿದರು, ಬಹಳ ಸೆಟೆದುಕೊಂಡು ಮಾಡಿದರು.

ಮೇಲಿನ ಸಾಹೇಬರು ಮತ್ತೆ ಬಂದು ಕಲ್ಲು ನೋಡಿದರು. ಈ ಸಲ ಚಪ್ಪಲಿ ದೂರ ಬಿಟ್ಟು ಬಂದಿದ್ದರು. ಕರವಸ್ತ್ರದಿಂದ ಕಣ್ಣಿನ ಕನ್ನಡಕ ಒರೆಸಿಕೊಂಡು, “ಚಕ್ರಾಕಾರದ ತಳಪಾಯದ ಸ್ತೂಪ,” ಎಂದಷ್ಟೇ ಹೇಳಿದರು. ಊರಿಗೆ ಅಷ್ಟು ಸಾಕಾಗಿತ್ತು. ತಿಳವಳ್ಳಿಯ ಪಾನಪಟ್ಟಿಯವನು ಮರುದಿನ ನನಗೆ ಎಲೆ ಕಟ್ಟಿಕೊಟ್ಟು, ಸುಮ್ಮನೆ ಕೂತ. ಅವನ ಸುಮ್ಮನಿರುವಿಕೆ ಬಹಳ ರುಚಿಯಾಗಿತ್ತು.

ಅಂದು ಸಂಜೆ ತನುಜಾ ಉಳಿವೆಪ್ಪನ ಮನೆಯಲ್ಲಿ ಕೂತು ತನ್ನ ವರದಿ ಬರೆಯುತ್ತಿದ್ದಳು. ಯಾವ ವಸ್ತು ಎಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕಂತೆ, ಅದು ಅವರ ಕಸುಬಿನ ಧರ್ಮ. ಉಳಿವೆಪ್ಪ ಎದುರಿಗೆ ಕೂತು, “ಓದ್ರಿ,” ಎಂದ. ಅವಳು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡ ಮಾಡಿ ಓದಿದಳು.

“ಶಾಸನದ ಎರಡನೇ ತುಂಡು, ಒಂದು ಎತ್ತಿನ ಬುರುಡೆಯ ಕೆಳಗೆ—”

“ಎತ್ತಲ್ರಿ. ಹೋರಿ.”

ಅವಳು ಹೊಡೆದು ತಿದ್ದಿದಳು. “ಒಂದು ಹೋರಿಯ ಬುರುಡೆಯ ಕೆಳಗೆ—”

“ಒಂದು ಹೋರಿ ಅಂದ್ರ? ಅವಗ ಹೆಸರಿಲ್ಲೇನು?”

“ಮೂಡಗಟ್ಟಿಯ ಬಿರುಗಾಳಿ ಎಂಬ ಹೋರಿಯ ಬುರುಡೆಯ ಕೆಳಗೆ,” ಎಂದು ಬರೆದಳು. ಉಳಿವೆಪ್ಪ ತಲೆಯಾಡಿಸಿದ. ತನುಜಾ ಲೇಖನಿ ಎತ್ತಿ ಅವನ ಮುಖ ನೋಡಿ, ತಾನೇ ಕೇಳಿದಳು. “ಇನ್ನೊಂದ ಸಾಲು ಬರೀಲೇನ್ರಿ? ಯಾರ ಕೈಗೂ ಸಿಗದ ಹೋರಿ ಅಂತ. ದಿಲ್ಲಿಯೊಳಗ ಓದ್ಲಿ.”

ಉಳಿವೆಪ್ಪ ಗುಂಡಮಟ್ಟಿಯ ಕಡೆ ನೋಡಿದ. ಕಟ್ಟೆಯ ಮೇಲಿದ್ದ ನಾನು ಮುಂದಕ್ಕೆ ಬಾಗಿದೆ. ದಿಲ್ಲಿ ಎಂದರೆ ದಿಲ್ಲಿ.

“ಬ್ಯಾಡ್ರಿ,” ಎಂದ. “ಒಮ್ಮೆ ಸಿಕ್ಕಾನ. ಶಿಗ್ಗಾಂವದ ಹೆಣಮಗಳ ಕೈಗೆ, ಊರ ಸಲುವಾಗಿ, ತಾನಾಗಿ ಸಿಕ್ಕಾನ. ಹಂಗ ಬರೀರಿ.”

ತನುಜಾ ಹಾಗೇ ಬರೆದಳು. ಅವನು ಹೆಬ್ಬೆರಳಿನಿಂದ ಆ ಸಾಲನ್ನು ಮುಟ್ಟಿ, ಮಸಿ ಒಣಗಿದೆಯೇ ಎಂದು ನೋಡಿ, ಎದ್ದು, ಅಂದು ತಾನೇ ಎತ್ತುಗಳಿಗೆ ಹಿಂಡಿ ಕಲಸಲು ಕೊಟ್ಟಿಗೆಯ ಕಡೆ ಹೋದ.